ಹಸಿರು ಘೋಷಣೆಗೆ ಮೊದಲು ಹೊಗೆಯ ಲೆಕ್ಕ

ಯಾವುದೇ ಕಂಪನಿ 2050ರೊಳಗೆ ನೆಟ್ ಝೀರೋ ಆಗುತ್ತೇವೆಂದು, ಅಂದರೆ ಹೊರಬಿಡುವ ಹಸಿರುಮನೆ ಅನಿಲವನ್ನು ಆದಷ್ಟು ಇಳಿಸಿ ಉಳಿದಷ್ಟನ್ನು ವಾತಾವರಣದಿಂದ ವಾಪಸ್ ತೆಗೆಯುತ್ತೇವೆಂದು, ಘೋಷಿಸಿದರೆ ಮೊದಲು ಕೇಳಬೇಕಾದ್ದು ಇಷ್ಟೇ: ಈಗ ಎಷ್ಟು ಹೊರಬಿಡುತ್ತಿದ್ದೀರಿ, ಯಾವ ಬಿಲ್ಲು ನೋಡಿ ಹೇಳುತ್ತಿದ್ದೀರಿ? ಲೆಕ್ಕವಿಲ್ಲದ ಗುರಿಯನ್ನು ನಾನು ನಂಬುವುದಿಲ್ಲ.

ಲೆಕ್ಕದ ಚೌಕಟ್ಟು 2001ರಿಂದಲೇ ಇದೆ. ಗ್ರೀನ್‌ಹೌಸ್ ಗ್ಯಾಸ್ ಪ್ರೋಟೋಕಾಲ್ ಪ್ರಕಾರ ಸ್ವಂತ ಬಾಯ್ಲರ್, ಜನರೇಟರ್, ವಾಹನಗಳ ಹೊಗೆ ಸ್ಕೋಪ್ 1. ಕೊಂಡ ವಿದ್ಯುತ್ತಿನದು ಸ್ಕೋಪ್ 2. ಕಚ್ಚಾವಸ್ತುವಿನಿಂದ ಹಿಡಿದು ಮಾರಿದ ಸರಕು ಕಸವಾಗುವವರೆಗಿನ ಉಳಿದದ್ದೆಲ್ಲ ಸ್ಕೋಪ್ 3.

ಡೀಸೆಲ್ ಲೆಕ್ಕ ಸುಲಭ, ಲೀಟರಿಗೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್. ಕೈತಪ್ಪಿ ಹೋಗುವುದು ಏಸಿ ಗ್ಯಾಸ್. ಏಸಿಗಳಲ್ಲಿರುವ ಆರ್-410ಎ ಅನಿಲ ಭೂಮಿಯನ್ನು ಬಿಸಿಯಾಗಿಸುವ ಶಕ್ತಿ, 100 ವರ್ಷದ ಲೆಕ್ಕದಲ್ಲಿ, ಇಂಗಾಲದ ಡೈಆಕ್ಸೈಡಿನ ಸುಮಾರು 2,088 ಪಟ್ಟು. 10 ಕಿಲೋ ಸೋರಿದರೆ ಸುಮಾರು 7,700 ಲೀಟರ್ ಡೀಸೆಲ್ ಸುಟ್ಟಂತೆ! ಸೋರಿದ್ದು ಕಣ್ಣಿಗೆ ಕಾಣದು, ತೂಕದಿಂದಲೇ ಹಿಡಿಯಬೇಕು. ವರ್ಷದ ಮೊದಲು ಸಿಲಿಂಡರುಗಳಲ್ಲಿದ್ದ ಗ್ಯಾಸಿಗೆ ಆ ವರ್ಷ ಕೊಂಡದ್ದನ್ನು ಕೂಡಿಸಿ. ಕೊನೆಗೆ ಉಳಿದದ್ದು, ಹೊರಗೆ ವಾಪಸ್ ಕಳಿಸಿದ್ದು, ಹೊಸ ಯಂತ್ರಕ್ಕೆ ಮೊದಲ ಸಲ ತುಂಬಿದ್ದು ಇಷ್ಟನ್ನೂ ಕಳೆಯಿರಿ. ಯಂತ್ರವೊಂದು ಗುಜರಿಗೆ ಹೋಗಿದ್ದರೆ ಅದರಲ್ಲಿ ತುಂಬುವ ಪೂರ್ತಿ ಗ್ಯಾಸಿನ ತೂಕವನ್ನೂ ಕೂಡಿಸಿ. ಬಂದದ್ದೇ ಸೋರಿಕೆ. ಈ ಲೆಕ್ಕ ಕೆಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ದುರಸ್ತಿಯವರ ಬಿಲ್ಲಿನಲ್ಲಿ ‘ಗ್ಯಾಸ್ ತುಂಬಿದೆ’ ಎಂದಿರುತ್ತದೆ, ಎಷ್ಟು ಕಿಲೋ ಎಂದಿರುವುದಿಲ್ಲ. ತೂಕ ಬರೆಯದ ಬಿಲ್ಲಿಗೆ ಹಣ ಪಾವತಿಸಬೇಡಿ.

ಇನ್ನೊಂದು ಮೋಸ ಕಾಗದದ ಮೇಲೆ ನಡೆಯುತ್ತದೆ. ಸ್ವಂತ ಲಾರಿ ಮಾರಿ ಸಾಗಣೆಯನ್ನು ಗುತ್ತಿಗೆಗೆ ಕೊಟ್ಟರೆ ಸ್ಕೋಪ್ 1 ಸರ್ರನೆ ಇಳಿಯುತ್ತದೆ. ರಸ್ತೆಯ ಮೇಲಿನ ಹೊಗೆ ಮಾತ್ರ ಮೊದಲಿನಷ್ಟೇ ಇರುತ್ತದೆ. ಅದನ್ನು ಸ್ಕೋಪ್ 3ರಲ್ಲಿ ತೋರಿಸದೆ, ಹೋಲಿಕೆಗೆ ಹಿಡಿದ ಮೂಲ ವರ್ಷದ ಅಂಕಿಯನ್ನೂ ತಿದ್ದದೆ ‘ಇಳಿಸಿದ್ದೇವೆ’ ಎನ್ನುವುದು ಸುಳ್ಳು.

ಸ್ಕೋಪ್ 3ಕ್ಕೆ ಬಹಳ ಮಂದಿ ಖರ್ಚಿನ ಮೊತ್ತವನ್ನೇ ‘ರೂಪಾಯಿಗೆ ಇಷ್ಟು ಹೊಗೆ’ ಎಂಬ ಒಂದು ಗುಣಕದಿಂದ ಗುಣಿಸಿಬಿಡುತ್ತಾರೆ. ಮೊದಲ ಅಂದಾಜಿಗೆ ಸಾಕು, ಆಮೇಲೆ ಅಪಾಯ. ಬೆಲೆ ಶೇ. 10 ಏರಿದರೆ ಅದೇ ಟನ್ ಉಕ್ಕಿಗೆ ಹೊಗೆಯೂ ಶೇ. 10 ಏರಿದಂತೆ ಕಾಣುತ್ತದೆ. ಶುದ್ಧ ವಿಧಾನಕ್ಕೆ ಹೊರಳಿ ಅದಕ್ಕಾಗಿ ದರ ಏರಿಸಿದ ಪೂರೈಕೆದಾರನೇ ಕೊಳಕನೆನಿಸಿಕೊಳ್ಳುತ್ತಾನೆ. ಹೆಚ್ಚು ಮಾಲು ಕೊಡುವವರಿಂದಲಾದರೂ ಟನ್ ಮಾಲಿಗೆ ಎಷ್ಟು ಹೊಗೆ ಎಂಬ ಲೆಕ್ಕ ತರಿಸಿಕೊಳ್ಳಿ.

ನನ್ನ ಮಟ್ಟಿಗೆ ವ್ಯಾಪಾರದ ನಿಜವಾದ ಶಕ್ತಿ ಇರುವುದು ಖರೀದಿ ಆದೇಶದಲ್ಲಿ. ಸಿಮೆಂಟನ್ನೇ ನೋಡಿ. ಸುಣ್ಣದಕಲ್ಲು ಕಾಸಿ ಕ್ಲಿಂಕರ್ (ಅರೆದರೆ ಸಿಮೆಂಟಾಗುವ ಗಟ್ಟಿ ಉಂಡೆ) ಮಾಡುವಾಗ, ಇಂಧನದ ಹೊಗೆ ಬಿಟ್ಟು, ಕಲ್ಲಿನಿಂದಲೇ ಟನ್ ಕ್ಲಿಂಕರಿಗೆ ಸುಮಾರು ಅರ್ಧ ಟನ್ ಇಂಗಾಲದ ಡೈಆಕ್ಸೈಡ್ ಏಳುತ್ತದೆ. ಗೂಡಿನ ಇಂಧನ ಬದಲಿಸಿದರೂ ಅದು ಹೋಗದು. ಹಾಗಾಗಿ ಕ್ಲಿಂಕರ್ ಪಾಲನ್ನೇ ಇಳಿಸಿ ಕಬ್ಬಿಣದ ಕಿಟ್ಟ (ಸ್ಲ್ಯಾಗ್), ಹಾರುಬೂದಿ ಬೆರೆಸಬೇಕು. ಇಂಥ ಕಾಂಕ್ರೀಟ್ ನಿಧಾನಕ್ಕೆ ಬಲಗೊಳ್ಳುತ್ತದೆ. ತಳಪಾಯದಂತೆ ಭಾರ ತಡವಾಗಿ ಬೀಳುವ ಕಡೆ 28 ದಿನದ ಬದಲು 56 ದಿನದ ಬಲ ಕೇಳಿದರೆ ಬೆರಕೆ ಹೆಚ್ಚಿಸಲು ಅವಕಾಶ ಸಿಗುತ್ತದೆ. ಸೆಂಟ್ರಿಂಗ್ ಬಿಚ್ಚುವುದು ತಡವಾಗಬಹುದು, ನೀರುಣಿಸುವುದನ್ನೂ ಹೆಚ್ಚು ದಿನ ಮಾಡಬೇಕು. ಆ ದಿನಗಳನ್ನು ಟೆಂಡರ್ ಹಂತದಲ್ಲೇ ಸೇರಿಸದಿದ್ದರೆ, ಅವಸರಕ್ಕೆ ಬಿದ್ದ ಸೈಟಿನವರು ಮತ್ತೆ ಮಾಮೂಲಿ ಸಿಮೆಂಟನ್ನೇ ತರಿಸುತ್ತಾರೆ.