ಬಿಎಲ್ ಹೋಗಿ ಭಳ ಬಂತು

"ಸರ, ನಿನ್ನೆ ಸಂಜಿ ಚಲೋ ಇತ್ರಿ. ಈಗ ಮತ್ತ ಲಾಟ್ ಸಿಗಲಿಲ್ಲ ಅನ್ನಾಕತ್ತೈತ್ರಿ."

ಆ ವಾರ ಬ್ಯಾಡಗಿಯಿಂದ ಬಂದ ನಾಲ್ಕನೇ ಫೋನ್ ಅದು. ಅಲ್ಲಿನ ಒಂದು ಕೋಲ್ಡ್ ಸ್ಟೋರೇಜ್‌ಗೆ ನಾನೇ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ಮೆಣಸಿನಕಾಯಿ ಚೀಲ ಒಳಗೆ ಹೋಗುವಾಗ ರೈತರ ಹೆಸರು ಬರೆದು, ಅವರ ಚೀಲಗಳ ಗುಂಪಿಗೆ, ಅಂದರೆ ಲಾಟ್‌ಗೆ, ಬಾರ್‌ಕೋಡ್ ಚೀಟಿ ಹಚ್ಚುತ್ತಾರೆ. ಹೊರಗೆ ಬರುವಾಗ ಅದೇ ಚೀಟಿಯನ್ನು ಸ್ಕ್ಯಾನ್ ಮಾಡಿದರೆ ಯಾರ ಮಾಲು, ಎಷ್ಟು ಚೀಲ, ಡಬ್ಬಿ ತಳಿಯೋ ಕಡ್ಡಿ ತಳಿಯೋ ಎಲ್ಲಾ ಪರದೆ ಮೇಲೆ ಬರಬೇಕು. ಒಮ್ಮೊಮ್ಮೆ ಬರುತ್ತಿತ್ತು, ಒಮ್ಮೊಮ್ಮೆ ಇಲ್ಲ. ಪೂರ್ತಿ ಕೆಟ್ಟ ಯಂತ್ರ ರಿಪೇರಿ ಮಾಡಬಹುದು. ಒಮ್ಮೊಮ್ಮೆ ಕೆಡುವುದು ಬಹಳ ಕಷ್ಟ.

ಮಾರ್ಚ್ ತಿಂಗಳು. ಸೋಮವಾರ, ಗುರುವಾರ ಮಾರುಕಟ್ಟೆ ಇರುವ ದಿನ ಅವರಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಅದಕ್ಕೆ ಮಂಗಳವಾರ ಬೆಳಿಗ್ಗೆ ಹುಬ್ಬಳ್ಳಿಯಿಂದ ಬಸ್ ಹತ್ತಿದೆ. ಮೋಟೆಬೆನ್ನೂರಿನಲ್ಲಿ ಇಳಿದು ಬ್ಯಾಡಗಿ ಕಡೆ ಹೊರಟಾಗಲೇ ಗಾಳಿಯಲ್ಲಿ ಘಾಟು. ಊರಿನವರಿಗೆ ಅದು ಗೊತ್ತೇ ಆಗುವುದಿಲ್ಲ. ನನಗೆ ಎರಡು ಸೀನು ಬಂದವು.

ಮೊದಲು ಸ್ಕ್ಯಾನರ್ ಕೈಗೆ ತಗೊಂಡೆ. ಬೆಳಕು ಬರುವ ಗಾಜಿನ ಮೇಲೆ ತೆಳ್ಳಗೆ ಕೆಂಪು ಪುಡಿ ಕೂತಿತ್ತು. ಬೆರಳಾಡಿಸಿದರೆ ಗೆರೆ ಮೂಡುವಷ್ಟು. ಇದೇ ಕಾರಣ ಅಂದುಕೊಂಡು ಒದ್ದೆ ಬಟ್ಟೆಯಿಂದ ಒರೆಸಿದೆ. ಆದರೆ ಗಾಜು ಮಸುಕಾಗಿದ್ದರೆ ಸ್ಕ್ಯಾನರ್ ಬೀಪ್ ಅನ್ನಲೇಬಾರದು, ಅಲ್ವಾ? ಇಲ್ಲಿ ಪ್ರತಿ ಸಲವೂ ಬೀಪ್ ಆಗುತ್ತಿತ್ತು. ಅಂದರೆ ಅದು ಓದಿತ್ತು. ಓದಿದ್ದು ನನ್ನ ಪ್ರೋಗ್ರಾಂಗೆ ತಲುಪುವಷ್ಟರಲ್ಲಿ ಏನೋ ಆಗುತ್ತಿತ್ತು.

ಯುಎಸ್‌ಬಿ ಪೋರ್ಟ್ ಬದಲಿಸಿದೆ. ಕೇಬಲ್ ಬದಲಿಸಿದೆ. ಜೋಡಿಸಿದ ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದರೆ ಸ್ಕ್ಯಾನರ್ ಎಚ್‌ಐಡಿ ಕೀಬೋರ್ಡ್ ಅಂತ, ಅಂದರೆ ಇನ್ನೊಂದು ಕೀಬೋರ್ಡ್ ಅಂತಲೇ, ಸರಿಯಾಗಿ ಕಾಣುತ್ತಿತ್ತು. ನನ್ನ ಲ್ಯಾಪ್‌ಟಾಪ್‌ಗೆ ಹಾಕಿ ಇಪ್ಪತ್ತು ಸಲ ಸ್ಕ್ಯಾನ್ ಮಾಡಿದೆ. ಇಪ್ಪತ್ತೂ ಸರಿ. ಮತ್ತೆ ಅವರ ಕಂಪ್ಯೂಟರ್‌ಗೆ ಹಾಕಿದೆ. ಅಲ್ಲೂ ಸರಿ! ಇನ್ನು ಏನು ನೋಡುವುದು ಅಂತ ತಿಳಿಯದೆ ಮುನೀಮರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಸುಮ್ನೆ ಕೂತೆ.

ಇದನ್ನು ಮೊದಲೇ ಮಾಡಬೇಕಿತ್ತು. ಯಂತ್ರ ಬಿಚ್ಚುವುದಕ್ಕಿಂತ ಅದನ್ನು ಬಳಸುವವರ ಕೈ ನೋಡುವುದು ಜಾಸ್ತಿ ಉಪಯೋಗ.

ನಾನು ಕಾಕಾ ಅನ್ನುವ ಈ ಮುನೀಮರಿಗೆ ಅರವತ್ತು ದಾಟಿದೆ. ಎರಡೇ ಬೆರಳಲ್ಲಿ ಟೈಪ್ ಮಾಡುತ್ತಾರೆ, ಆದರೆ ತಪ್ಪಿಲ್ಲ. ರೈತರೊಬ್ಬರು ಬಂದರು. ಕಾಕಾ ಒಂದು ಕೀಲಿ ಒತ್ತಿ ಕನ್ನಡಕ್ಕೆ ಬಂದರು, ಹೆಸರು ಬರೆದರು, ಊರು ಬರೆದರು. ಅಷ್ಟರಲ್ಲಿ ಹುಡುಗ ಇನ್ನೊಂದು ಲಾಟಿನ ಚೀಟಿ ತಂದು ಸ್ಕ್ಯಾನ್ ಮಾಡಿದ. ಬೀಪ್. "ಲಾಟ್ ಸಿಗಲಿಲ್ಲ."

"ನೋಡ ತಮ್ಮಾ, ಹಿಂಗ ಮಾಡತೈತಿ" ಅಂದರು ಕಾಕಾ. ಆಮೇಲೆ ಹೊರಗೆ ನಿಂತ ಗಾಡಿಯ ನಂಬರ್ ಹಾಕಲು ಇಂಗ್ಲಿಷ್‌ಗೆ ಬಂದು ಕೆಎ 27 ಅಂತ ಹೊಡೆದರು. ಹುಡುಗ ಅದೇ ಚೀಟಿ ಮತ್ತೆ ಸ್ಕ್ಯಾನ್ ಮಾಡಿದ. ಲಾಟ್ ಸಿಕ್ಕಿತು.

ನನಗೆ ಮೈ ಝುಂ ಅಂದಿತು. "ಕಾಕಾ, ಕನ್ನಡ ಹಚ್ಚಿ ನೋಟ್‌ಪ್ಯಾಡ್‌ನಾಗ ಒಮ್ಮೆ ಸ್ಕ್ಯಾನ್ ಮಾಡ್ರಿ" ಅಂದೆ. ಚೀಟಿಯ ಮೇಲೆ ಇದ್ದದ್ದು ಇಂಗ್ಲಿಷ್ ಅಕ್ಷರದ ಬಿಎಲ್0412. ಪರದೆ ಮೇಲೆ ಬಂದದ್ದು ಭಳ0412.

ಆಗಿದ್ದು ಇಷ್ಟೇ. ಈ ಬಗೆಯ ಸ್ಕ್ಯಾನರ್ ಅಕ್ಷರ ಕಳಿಸುವುದಿಲ್ಲ. ಕೀಬೋರ್ಡಿನಂತೆಯೇ ಯಾವ ಕೀಲಿ ಒತ್ತಿದೆ ಅನ್ನುವ ಸಂಖ್ಯೆ ಮಾತ್ರ ಕಳಿಸುತ್ತದೆ. ಯುಎಸ್‌ಬಿ ಲೆಕ್ಕದಲ್ಲಿ ಎ ಕೀಲಿಗೆ 4, ಬಿಗೆ 5, ಎಲ್‌ಗೆ 15, ಎಂಟರ್‌ಗೆ 40. ಒಂದೊಂದು ಸಲಕ್ಕೆ 8 ಬೈಟ್ ಹೋಗುತ್ತವೆ. ಮೊದಲ ಬೈಟ್‌ನಲ್ಲಿ ಶಿಫ್ಟ್, ಕಂಟ್ರೋಲ್‌ನಂಥವು, ಎರಡನೆಯದು ಖಾಲಿ, ಉಳಿದ ಆರರಲ್ಲಿ ಕೀಲಿಗಳು. "ಶಿಫ್ಟ್ ಜೊತೆ 5" ಅಂದರೆ ಯಾವ ಅಕ್ಷರ ಅನ್ನುವುದನ್ನು ತೀರ್ಮಾನಿಸುವುದು ಕಂಪ್ಯೂಟರ್. ಇಂಗ್ಲಿಷ್ ಇದ್ದರೆ ದೊಡ್ಡ ಬಿ ಬರುತ್ತದೆ. ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸ ಇದ್ದರೆ ಭ. ಸ್ಕ್ಯಾನರ್ ತನ್ನ ಕೆಲಸ ಸರಿಯಾಗಿ ಮಾಡಿತ್ತು. ಕನ್ನಡ ಕೀಲಿಮಣೆಯೂ ಸರಿಯಾಗಿ ಮಾಡಿತ್ತು.

ತಪ್ಪು ನನ್ನ ಪ್ರೋಗ್ರಾಂನಲ್ಲಿತ್ತು. ಲಾಟ್ ಸಿಗದಿದ್ದರೆ ಅದು ಬಂದ ಅಕ್ಷರಗಳನ್ನು ತಕ್ಷಣ ಅಳಿಸಿ ಬಾಕ್ಸ್ ಖಾಲಿ ಮಾಡುತ್ತಿತ್ತು. "ಭಳ0412 ಸಿಗಲಿಲ್ಲ" ಅಂತ ತೋರಿಸಿದ್ದರೆ ಕಾಕಾ ಮೊದಲ ದಿನವೇ ಹಿಡಿಯುತ್ತಿದ್ದರು. ನನಗೆ ಫೋನ್ ಮಾಡುವ ಪ್ರಸಂಗವೇ ಬರುತ್ತಿರಲಿಲ್ಲ.

ಮಾಲೀಕರು ಒಂದು ಸುಲಭದ ದಾರಿ ಹೇಳಿದರು. "ಎಲ್ಲಾ ಇಂಗ್ಲಿಷ್‌ನಾಗ ಬರದ್ರಾತು ಬಿಡ್ರಿ." ನನಗೆ ಒಪ್ಪಿಗೆಯಾಗಲಿಲ್ಲ. ರಸೀದಿ ಕೈಗೆ ಬಂದ ಮೇಲೆ ರೈತರು ಮೊದಲು ನೋಡುವುದು ತಮ್ಮ ಹೆಸರನ್ನು. ಅದನ್ನು ಇನ್ನೊಬ್ಬರಿಂದ ಓದಿಸಿಕೊಳ್ಳುವ ಹಾಗೆ ಆಗಬಾರದು. ಸಾಫ್ಟ್‌ವೇರ್ ಬದಲಾಗಬೇಕು, ಕಾಕಾ ಅಲ್ಲ.

ಸ್ಕ್ಯಾನರ್ ಜೊತೆ ಬಂದ ಪುಸ್ತಿಕೆ ಹುಡುಕಿಸಿದೆ. ಡ್ರಾಯರ್‌ನಲ್ಲಿ ಪಟ್ಟಿ ಪುಸ್ತಕಗಳ ಕೆಳಗೆ ಸಿಕ್ಕಿತು. ಅದರಲ್ಲಿ ಸ್ಕ್ಯಾನರಿನ ನಡತೆ ಬದಲಿಸುವ ಬಾರ್‌ಕೋಡ್‌ಗಳಿರುತ್ತವೆ. ಯುಎಸ್‌ಬಿ ಸೀರಿಯಲ್ ಅಂತ ಇದ್ದ ಕೋಡನ್ನು ಸ್ಕ್ಯಾನ್ ಮಾಡಿದ ಕೂಡಲೇ ಅದು ಕೀಬೋರ್ಡ್ ವೇಷ ಬಿಟ್ಟು ಕಾಮ್ ಪೋರ್ಟ್ ಆಗಿ ಕಾಣಿಸಿಕೊಂಡಿತು. ವಿಂಡೋಸ್ 10 ಇದ್ದದ್ದರಿಂದ ಬೇರೆ ಡ್ರೈವರ್ ಬೇಕಾಗಲಿಲ್ಲ. ಕಾಮ್ ಪೋರ್ಟ್‌ನಲ್ಲಿ ಕೀಲಿಯ ಸಂಖ್ಯೆ ಅಲ್ಲ, ಅಕ್ಷರದ್ದೇ ಸಂಖ್ಯೆ ಬರುತ್ತದೆ. ಈಗ ಬಿ ಅಂದರೆ 66, ಎಲ್ ಅಂದರೆ 76, ಕೀಲಿಮಣೆ ಯಾವ ಭಾಷೆಯಲ್ಲಿದ್ದರೂ ಅಷ್ಟೇ. ಅಲ್ಲೇ ಕೂತು ಪ್ರೋಗ್ರಾಂ ತಿದ್ದಿದೆ. ಮೊದಲ ಸಲ ಬಿಎಲ್04 ಒಂದು ತುಂಡಾಗಿ, 12 ಇನ್ನೊಂದು ತುಂಡಾಗಿ ಬಂತು. ಸೀರಿಯಲ್‌ನಲ್ಲಿ ಹೀಗಾಗುತ್ತದೆ. ಕೋಡ್ ಮುಗಿಯಿತು ಅನ್ನುವ ಕೊನೆಯ ಸಂಖ್ಯೆ 13 ಬರುವವರೆಗೆ ಕೂಡಿಸಿಟ್ಟು ಆಮೇಲೆ ಹುಡುಕುವಂತೆ ಮಾಡಿದೆ.

ಊಟ ಆದ ಮೇಲೆ ಇನ್ನೊಂದು ಅನುಮಾನ ಬಂತು. ಕಾಕಾ ಹೆಸರು ಬರೆಯುತ್ತಿರುವಾಗ ಹುಡುಗ ಸ್ಕ್ಯಾನ್ ಮಾಡಿದ್ದರೆ ಆ ಅಕ್ಷರ ಎಲ್ಲಿಗೆ ಹೋಗಿರಬೇಕು? ಹಳೆಯ ದಾಖಲೆಗಳಲ್ಲಿ ಭಳ ಅಂತ ಹುಡುಕಿದೆ. ಹನ್ನೊಂದು ಸಿಕ್ಕವು. "ನಿಂಗಪ್ಪಭಳ0377" ಅಂತ ಒಂದು. ಇನ್ನೊಂದರಲ್ಲಿ ಅರ್ಧ ಹೆಸರು, ಅದಕ್ಕೇ ಅಂಟಿಕೊಂಡು ಲಾಟ್ ನಂಬರ್, ಆಮೇಲೆ ಏನೂ ಇಲ್ಲ. ನೋಡಿ ಹೊಟ್ಟೆಯಲ್ಲಿ ಕಸಿವಿಸಿಯಾಯಿತು.

ಕಾಕಾ ತಮ್ಮ ಕೈಬರಹದ ಹಳೇ ಖಾತೆ ಪುಸ್ತಕ ತೆಗೆದರು. ಅವರು ಲಾಟ್ ನಂಬರ್ ನೋಡಿ ಹೆಸರು ಓದುತ್ತಾ ಹೋದರು, ನಾನು ತಿದ್ದುತ್ತಾ ಹೋದೆ. ಹನ್ನೊಂದೂ ರಸೀದಿ ಹೊಸದಾಗಿ ಮುದ್ರಿಸಿದೆವು. ಒಂದೊಂದನ್ನೂ ಕಾಕಾ ಕನ್ನಡಕ ಮೇಲೆತ್ತಿ ಓದಿ, ಸಹಿ ಮಾಡಿ, ಗುರುವಾರ ಮಾರುಕಟ್ಟೆಗೆ ಬರುವ ರೈತರಿಗೆ ಕೊಡಲು ರಬ್ಬರ್ ಹಾಕಿ ಇಟ್ಟರು.