ಸಿಕಲ್ ಬುಷ್ ಹೂ ಬಿಟ್ಟಿದೆ

ಬೋಟ್ಸ್ವಾನಾದ ಕುರುಚಲು ಕಾಡಲ್ಲಿ ಈಗ ಸಿಕಲ್ ಬುಷ್ ಹೂವಿನ ಸಮಯ. ನಮ್ಮ ಮುಟ್ಟಿದರೆ ಮುನಿ, ಜಾಲಿಯ ಬಳಗದ್ದೇ ಗಿಡ. ನಮ್ಮ ಬಯಲುಸೀಮೆಯಲ್ಲೂ ಬೆಳೆಯುತ್ತದೆ. ತೆನೆಯಂಥ ಹೂಗೊಂಚಲು ತಲೆಕೆಳಗಾಗಿ ನೇತಾಡುತ್ತದೆ. ಮೇಲರ್ಧ ನಸುಗುಲಾಬಿ, ಕೆಳಗರ್ಧ ಹಳದಿ. ಮಜಾ ಏನಂದ್ರೆ, ಆ ಗುಲಾಬಿ ಎಳೆಗಳು ಕಾಯಿ ಕಟ್ಟುವುದೇ ಇಲ್ಲ. ಆ ಕೆಲಸವೆಲ್ಲ ಹಳದಿ ಹೂಗಳದ್ದು. ಅರ್ಧ ಗೊಂಚಲು ಬರೀ ಶೋಕಿಗೆ! ಸ್ವಲ್ಪ ದುಂದು ಅನ್ನಿಸುತ್ತದೆ, ಅಲ್ವಾ?

ಮುಳ್ಳನ್ನು ಹತ್ತಿರದಿಂದ ನೋಡಬೇಕು (ಕೈ ಜೋಪಾನ). ಅದು ಚೂಪಾಗಿ ಗಟ್ಟಿಯಾದ ಕಿರುರೆಂಬೆ. ಅದರ ಮೇಲೇ ಎಲೆ ಚಿಗುರಿರುತ್ತದೆ. ಕಾಯಿಗಳೋ ಸುರುಳಿ ಸುತ್ತಿಕೊಂಡ ಗೊಂಚಲು. ದನಗಳು ತಿಂದು ಬೀಜ ಹರಡುತ್ತವೆ. ಕ್ಯೂಬಾಕ್ಕೆ ಹೋಗಿ ಸೇರಿದ ಇದೇ ಗಿಡ ಅಲ್ಲಿ ಹೊಲಗಳನ್ನೇ ನುಂಗಿದೆ. ಈಗ ಕಡಿದು, ಇದ್ದಿಲು ಮಾಡಿ ಹೊರದೇಶಕ್ಕೆ ಮಾರುತ್ತಾರೆ.