ಚಂಡಮಾರುತಕ್ಕೆ ಮೊದಲು ಚಾವಣಿ

ಅಮೆರಿಕದ ಫ್ಲಾರಿಡಾ ರಾಜ್ಯದ ಟ್ಯಾಂಪಾದಲ್ಲಿರುವ ನಮ್ಮ ಮನೆಯ ಚಾವಣಿಯನ್ನು ಬರುವ ಮಾರ್ಚಿನಲ್ಲಿ ಪೂರ್ತಿಯಾಗಿ ಕಿತ್ತು ಹೊಸದಾಗಿ ಹೊದಿಸಲು ನಿಶ್ಚಯಿಸಿದ್ದೇವೆ. ಬೆಂಗಳೂರಿನ ತ್ಯಾಗರಾಜನಗರದಲ್ಲಿರುವ ನನ್ನ ಸೋದರಮಾವ ಈ ಸುದ್ದಿ ಕೇಳಿ, "ಸೋರ್ತಾ ಇಲ್ಲ ಅಂದ್ಮೇಲೆ ಈಗ್ಯಾಕೋ ಅವಸರ?" ಎಂದರು. ಆರ್‌ಸಿಸಿ ತಾರಸಿಯ ಕೆಳಗೆ ಬಾಳಿದವರ ಆ ಪ್ರಶ್ನೆ ಸಹಜವಾದದ್ದು. ಆದರೆ ಫ್ಲಾರಿಡಾದ ಸಾಮಾನ್ಯ ಮನೆಯ ಚಾವಣಿ ಎಂದರೆ ಮರದ ಚೌಕಟ್ಟಿನ ಮೇಲೆ ಪ್ಲೈವುಡ್, ಅದರ ಮೇಲೊಂದು ನೀರು ತಡೆಯುವ ಹಾಳೆ, ಎಲ್ಲಕ್ಕೂ ಮೇಲೆ ಡಾಂಬರು ಬಳಿದು ಕಲ್ಲಿನ ಹರಳು ಕೂರಿಸಿದ ಶಿಂಗಲ್ ಎಂಬ ತೆಳು ಹೊದಿಕೆ ತುಂಡುಗಳ ಸಾಲು. ಇಲ್ಲಿನ ಬಿಸಿಲಿಗೆ ಆ ಶಿಂಗಲ್‌ಗಳು ಹದಿನೈದು, ಇಪ್ಪತ್ತು ವರ್ಷಗಳಲ್ಲಿ ಸವೆಯುತ್ತವೆ; ಸವೆದ ಚಾವಣಿ ಸೋರದಿದ್ದರೂ ಬಿರುಗಾಳಿಗೆ ನಿಲ್ಲುವುದಿಲ್ಲ.

ಅಟ್ಲಾಂಟಿಕ್ ಚಂಡಮಾರುತಗಳ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಅದರ ಉತ್ಕಟ ಘಟ್ಟ ಸೆಪ್ಟೆಂಬರ್ 10ರ ಆಸುಪಾಸು, ಅಂದರೆ ನಮ್ಮಲ್ಲಿ ಹುಬ್ಬ ಮುಗಿದು ಉತ್ತರೆ ಮಳೆ ಹುಟ್ಟುವ ಹೊತ್ತು. 2024ರ ಸೆಪ್ಟೆಂಬರ್ 26ರಂದು ಹೆಲೀನ್ ಚಂಡಮಾರುತ ಫ್ಲಾರಿಡಾಕ್ಕೆ ಅಪ್ಪಳಿಸಿತು. ಅದು ತಂದ ಸಮುದ್ರದ ನೀರಿನಿಂದ ಟ್ಯಾಂಪಾ ಕೊಲ್ಲಿಯ ದಡದವರು ಚೇತರಿಸಿಕೊಳ್ಳುವ ಮೊದಲೇ ಅಕ್ಟೋಬರ್ 9ರಂದು ಮಿಲ್ಟನ್ ಬಂದು, ಪಕ್ಕದ ಸೇಂಟ್ ಪೀಟರ್ಸ್‌ಬರ್ಗ್‌ನ ಟ್ರಾಪಿಕಾನಾ ಫೀಲ್ಡ್ ಕ್ರೀಡಾಂಗಣದ ಬಟ್ಟೆಯ ಚಾವಣಿಯನ್ನು ಹರಿದು ಹಾಕಿತು.

ಹಾಗಾದರೆ ಮೇ ತಿಂಗಳ ಕೊನೆಗೆ ಮುಗಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು ಎಂಬುದೇ ನನ್ನ ಖಚಿತ ಅಭಿಪ್ರಾಯ. ಶಿಂಗಲ್‌ಗಳನ್ನು ಮೊಳೆ ಹೊಡೆದು ಕೂರಿಸಿದ ದಿನವೇ ಅವು ಗಟ್ಟಿಯಾಗುವುದಿಲ್ಲ. ಪ್ರತಿಯೊಂದರಲ್ಲಿಯೂ ಇರುವ ಅಂಟಿನ ಪಟ್ಟಿ ಬಿಸಿಲಿಗೆ ಕಾದು, ಮೇಲಿನ ಸಾಲು ಕೆಳಗಿನದಕ್ಕೆ ಹಿಡಿದುಕೊಂಡ ಮೇಲಷ್ಟೇ ಗಾಳಿಗೆ ಅಂಚು ಏಳದಂತಾಗುತ್ತದೆ, ಅದಕ್ಕೆ ಹಲವು ದಿನಗಳ ಒಳ್ಳೆಯ ಬಿಸಿಲು ಬೇಕು. ಕೊರೆಯುವ ಚಳಿಯಲ್ಲಿ ಆ ಅಂಟು ಹಿಡಿಯುವುದು ನಿಧಾನ. ಜೂನ್ ಬಂತೆಂದರೆ ಇಲ್ಲಿ ಮಧ್ಯಾಹ್ನದ ಗುಡುಗು ಮಳೆ ಬಹುತೇಕ ದಿನವೂ ಸುರಿಯುತ್ತದೆ. ಒಣ ಹವೆಯೂ ಹಿತವಾದ ಬಿಸಿಲೂ ಒಟ್ಟಿಗೆ ಸಿಗುವುದು ಮಾರ್ಚ್, ಏಪ್ರಿಲ್‌ಗಳಲ್ಲಿ. ಪರವಾನಗಿ, ತಪಾಸಣೆ, ಸಾಮಗ್ರಿ ತಡವಾದರೂ ಆಗ ಕೈಯಲ್ಲಿ ಒಂದಷ್ಟು ವಾರಗಳು ಉಳಿದಿರುತ್ತವೆ. ಒಂದು ವೇಳೆ ಆ ಅವಧಿ ತಪ್ಪಿ ಆಗಸ್ಟ್ ಬಂದುಬಿಟ್ಟರೆ, ಸೋರದ ಹಳೆಯ ಚಾವಣಿಯನ್ನು ಬಿಚ್ಚುವ ಬದಲು ಸಡಿಲವಾದ ಕಡೆಗಳನ್ನಷ್ಟೇ ರಿಪೇರಿ ಮಾಡಿಸಿ ಡಿಸೆಂಬರಿನವರೆಗೆ ಕಾಯುವುದು ಮೇಲು, ಏಕೆಂದರೆ ಅರ್ಧ ಬಿಚ್ಚಿದ ಚಾವಣಿಯಷ್ಟು ಅಪಾಯಕಾರಿಯಾದದ್ದು ಬೇರೊಂದಿಲ್ಲ.

ವಿಮೆಯದೂ ಒಂದು ಒತ್ತಡವಿದೆ. ಚಾವಣಿ ಹಳೆಯದಾದಂತೆ ಕಂಪನಿಗಳು ಪಾಲಿಸಿ ನವೀಕರಿಸಲು ಹಿಂಜರಿಯುತ್ತವೆ. 15 ವರ್ಷದೊಳಗಿನ ಚಾವಣಿಯನ್ನು ವಯಸ್ಸಿನ ಕಾರಣಕ್ಕಾಗಿಯೇ ನಿರಾಕರಿಸಬಾರದೆಂದು ಫ್ಲಾರಿಡಾ 2022ರಲ್ಲಿ ಕಾನೂನು ಮಾಡಿತು. ನಮ್ಮದು ಆ ಗಡಿ ದಾಟಿದೆ. ಚಂಡಮಾರುತ ಸಮೀಪಿಸುವಾಗ ಹೊಸ ಪಾಲಿಸಿ ಕೊಡುವುದನ್ನೇ ಕಂಪನಿಗಳು ತಾತ್ಕಾಲಿಕವಾಗಿ ನಿಲ್ಲಿಸುವುದರಿಂದ, ಆ ಹೊತ್ತಿಗೆ ಹೊಸ ಚಾವಣಿಯೂ ಪಾಲಿಸಿಯೂ ಎರಡೂ ಸಿದ್ಧವಾಗಿರಬೇಕು.

ಮಾವನವರಿಗೆ ನಾನು ಹೇಳಿದ್ದೂ ಇದೇ ಲೆಕ್ಕವನ್ನು. ಬೆಂಗಳೂರಿನಲ್ಲಿಯೂ ಅತಿ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರ್. ತಾರಸಿಯ ಬಿರುಕು ಮುಚ್ಚಿಸಿ ವಾಟರ್‌ಪ್ರೂಫಿಂಗ್ ಮಾಡಿಸುವುದಾದರೆ ಸಂಕ್ರಾಂತಿ ಕಳೆದೊಡನೆ ಮೇಸ್ತ್ರಿಯನ್ನು ಕರೆಸಬೇಕು, ಏಕೆಂದರೆ ಕಾಂಕ್ರೀಟು ಒಳಗಿನಿಂದ ಒಣಗಿರದಿದ್ದರೆ ಲೇಪನ ಹಿಡಿಯುವುದಿಲ್ಲ, ಏಪ್ರಿಲ್ ಕೊನೆಗೆ ಭರಣಿ ಮಳೆಯೂ ಶುರುವಾಗುತ್ತದೆ.

ನಮ್ಮ ಕಂಟ್ರಾಕ್ಟರ್ ಜೊತೆಗಿನ ಒಪ್ಪಂದದಲ್ಲಿ ನಾನು ಹಠ ಹಿಡಿದು ಸೇರಿಸಿದ್ದು ಎರಡು ಮಾತು. ಸಂಜೆಯೊಳಗೆ ಮುಚ್ಚಲಾಗುವಷ್ಟು ಭಾಗವನ್ನು ಮಾತ್ರ ಬೆಳಿಗ್ಗೆ ಕೀಳಬೇಕು. ಪ್ಲೈವುಡ್ ಬಯಲಾದಾಗ ಕೊಳೆತ ಹಲಗೆಗಳನ್ನು ಬದಲಿಸಿ, ಸಂದುಗಳಿಗೆಲ್ಲ ಅಂಟುಪಟ್ಟಿ ಹಾಕಿ, ಅದರ ಫೋಟೊ ತೆಗೆದು ಕೊಟ್ಟ ಮೇಲೆಯೇ ಹೊಸ ಹಾಳೆ ಹಾಸಬೇಕು. ಶಿಂಗಲ್ ಹಾರಿಹೋದರೂ ಮನೆಯೊಳಗೆ ನೀರು ಇಳಿಯದಂತೆ ತಡೆಯುವುದು ಆ ಪಟ್ಟಿ, ಮತ್ತು ಕೆಲಸ ಮುಗಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.